ಊರಿನ ಆಸ್ಪತ್ರೆಯನ್ನು ವಿಸ್ತರಿಸುವಾಗ ನಾಯಕತ್ವ ಮತ್ತು ತಂಡ ಹೇಗಿರಬೇಕು?

ನಿಮ್ಮ ಊರಿನ ಟ್ರಸ್ಟ್ ನಡೆಸುತ್ತಿರುವ 12 ಹಾಸಿಗೆಗಳ ಆಸ್ಪತ್ರೆಯನ್ನು 50 ಹಾಸಿಗೆಗಳಿಗೆ ಏರಿಸುವ ಯೋಜನೆಯಿದೆ, ದಾನಿಗಳೂ ಮುಂದೆ ಬಂದಿದ್ದಾರೆ, ಆದರೆ ಇಷ್ಟು ವರ್ಷ ಒಬ್ಬರೇ ಹಿರಿಯ ವೈದ್ಯರು ಎಲ್ಲವನ್ನೂ ನೋಡಿಕೊಂಡು ಬಂದಿರುವುದರಿಂದ ಮುಂದೇನು ಎಂಬ ಚಿಂತೆ ಕಾಡುತ್ತಿದೆ ಎಂದು ಬರೆದಿದ್ದೀರಿ. ನಾನು ವೈದ್ಯನಲ್ಲ, ಧರ್ಮಾರ್ಥ ಆಸ್ಪತ್ರೆಗಳ ಆಡಳಿತದಲ್ಲಿ ಬಹುಕಾಲ ದುಡಿದವನು. ನನ್ನ ಮಟ್ಟಿಗೆ ಹೇಳುವುದಾದರೆ, ಆ ಹಿರಿಯ ವೈದ್ಯರು ಈಗ ತಾವೇ ಮಾಡುತ್ತಿರುವ ಕೆಲಸಗಳಲ್ಲಿ ಯಾವುದು ಯಾರ ಪಾಲಿಗೆ ಹೋಗಬೇಕು ಎಂಬುದು ತೀರ್ಮಾನವಾಗುವವರೆಗೆ ಕಟ್ಟಡದ ನಕ್ಷೆಯನ್ನು ಕೈಗೆತ್ತಿಕೊಳ್ಳಬಾರದು.

ಇದಕ್ಕೆ ನಾನು ಸದಾ ಉದಾಹರಿಸುವುದು ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಸಿಟ್ಟಿಲಿಂಗಿ ಕಣಿವೆಯನ್ನು. ಅಲ್ಲಿಗೆ 1993ರಲ್ಲಿ ಬಂದ ವೈದ್ಯ ದಂಪತಿ ರೆಜಿ ಜಾರ್ಜ್ ಮತ್ತು ಲಲಿತಾ ಅವರಿಗೆ ಮೊದಲ ಆಸ್ಪತ್ರೆಯಾಗಿ ಒದಗಿದ್ದು ಊರಿನ ಗಿರಿಜನರೇ ಕಟ್ಟಿಕೊಟ್ಟ, ನೂರು ಚದರಡಿಯಷ್ಟಿದ್ದ ಒಂದು ಗುಡಿಸಲು. ಒಳಗಿದ್ದದ್ದು ಒಂದು ವಿದ್ಯುತ್ ಬಲ್ಬು ಮತ್ತು ರೋಗಿಯನ್ನು ಮಲಗಿಸಲು ಒಂದು ಮರದ ಬೆಂಚು. ಶಸ್ತ್ರಚಿಕಿತ್ಸೆ ಬೇಕಾದವರು ಕಣಿವೆ ದಾಟಿ ಬಹುದೂರದ ಪಟ್ಟಣಕ್ಕೆ ಹೋಗಬೇಕಾಗಿದ್ದ ಕಾಲ ಅದು. ಒಬ್ಬರು ಅರಿವಳಿಕೆ ತಜ್ಞರು, ಇನ್ನೊಬ್ಬರು ಸ್ತ್ರೀರೋಗ ತಜ್ಞೆಯಾದ್ದರಿಂದ ಇಬ್ಬರೇ ಸಾಕಷ್ಟು ಕೆಲಸವನ್ನು ನಿಭಾಯಿಸಬಹುದಿತ್ತು, ಬಹುಶಃ ನಿಮ್ಮ ಆಸ್ಪತ್ರೆಯ ಹಾಗೆ ಎರಡು ದಶಕ ಅದೇ ರೀತಿ ನಡೆದೂಬಿಡುತ್ತಿತ್ತು. ಆದರೆ ಅವರು ಹೊರಗಿನಿಂದ ನರ್ಸ್‌ಗಳನ್ನು ಕರೆತರುವುದಕ್ಕೆ ಕಾಯುತ್ತ ಕೂರದೆ, ಹತ್ತನೇ ತರಗತಿಯ ಆಸುಪಾಸಿನವರೆಗೆ ಓದಿದ್ದ ಕಣಿವೆಯ ಹೆಣ್ಣುಮಕ್ಕಳನ್ನೇ ಆರಿಸಿಕೊಂಡು, ರಕ್ತದೊತ್ತಡ ನೋಡುವುದರಿಂದ ಹಿಡಿದು ಹೆರಿಗೆ ಮಾಡಿಸುವವರೆಗೆ, ಪ್ರಯೋಗಾಲಯದ ಪರೀಕ್ಷೆಯಿಂದ ಶಸ್ತ್ರಚಿಕಿತ್ಸೆಗೆ ನೆರವಾಗುವವರೆಗೆ ಎಲ್ಲವನ್ನೂ ಕಲಿಸಿದರು. ಅದರ ಜೊತೆಗೆ ಹಳ್ಳಿಗಳ ಹಿರಿಯ ಹೆಂಗಸರು ಆರೋಗ್ಯ ಕಾರ್ಯಕರ್ತೆಯರಾಗಿ ಬಸುರಿ, ಬಾಣಂತಿ ಮತ್ತು ಕೂಸುಗಳ ಮೇಲೆ ಕಣ್ಣಿಡತೊಡಗಿದರು.

ಹತ್ತು ಹಾಸಿಗೆಗಳ ಕಟ್ಟಡ ಎದ್ದದ್ದು 1996ರಲ್ಲಿ. ಅಷ್ಟರೊಳಗೆ ಅದನ್ನು ನಡೆಸಬಲ್ಲವರು ಗುಡಿಸಲಿನಲ್ಲೇ ತಯಾರಾಗತೊಡಗಿದ್ದರು, ನನಗೆ ಮುಖ್ಯವೆನಿಸುವುದು ಈ ಅನುಕ್ರಮ. ಆಸ್ಪತ್ರೆ ಮುಂದೆ 30 ಹಾಸಿಗೆಗಳನ್ನೂ ದಾಟಿ ಬೆಳೆಯಿತು. ಕಣಿವೆಯಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ಮೊದಲು 147 ಸಾಯುತ್ತಿದ್ದದ್ದು ಕ್ರಮೇಣ 20ರ ಆಸುಪಾಸಿಗೆ ಇಳಿಯಿತು, ಇದರಲ್ಲಿ ಹಾಸಿಗೆಗಳ ಪಾಲಿಗಿಂತ ಮನೆಮನೆಗೆ ನಡೆದ ಆ ಹೆಂಗಸರ ಪಾಲು ದೊಡ್ಡದೆಂದು ನಾನು ನಂಬುತ್ತೇನೆ. ಅಲ್ಲಿ ಲಂಬಾಣಿ ತಾಂಡಾಗಳೂ ಇವೆ. ಆರೈಕೆ ಮಾಡುವವರು ಕಣಿವೆಯವರೇ ಆಗಿದ್ದು, ತಾಂಡಾದಿಂದ ಬಂದ ಅಜ್ಜಿ ತನ್ನ ನೋವನ್ನು ತನ್ನ ಮಾತಿನಲ್ಲೇ ಹೇಳಿಕೊಳ್ಳಬಹುದಾದರೆ ರೋಗನಿದಾನದ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ, ಇದನ್ನು ಯಾವ ಯಂತ್ರದಿಂದಲೂ ಕೊಳ್ಳಲಾಗದು.

ಕೆಲಸ ಹಂಚಿಕೆಯ ತಾಂತ್ರಿಕ ಮುಖವನ್ನು ನೋಡಬೇಕಿದ್ದರೆ ಮದುರೆಯ ಅರವಿಂದ ಕಣ್ಣಾಸ್ಪತ್ರೆಗೆ ಹೋಗಿಬನ್ನಿ. ಸರ್ಕಾರಿ ಸೇವೆಯಿಂದ ನಿವೃತ್ತರಾದ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಗಳಿಂದ ಅದನ್ನು ಆರಂಭಿಸಿದಾಗ ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿ ಎಷ್ಟೋ ವರ್ಷಗಳಾಗಿದ್ದವು. ಎಲ್ಲ ಶಸ್ತ್ರಚಿಕಿತ್ಸೆಯನ್ನೂ ತಾವೇ ಮಾಡುತ್ತೇನೆಂದು ಹೊರಡುವ ಮನುಷ್ಯ ಅವರಾಗಿರಲಿಲ್ಲ. ತಂಗಿ ಡಾ. ನಾಚ್ಚಿಯಾರ್ ಹಾಗೂ ಅವರ ಪತಿ ಡಾ. ನಂಪೆರುಮಾಳಸ್ವಾಮಿ ವೈದ್ಯಕೀಯ ಹೊಣೆಯನ್ನು, ತಮ್ಮ ಶ್ರೀನಿವಾಸನ್ ಹಣಕಾಸು ಮತ್ತು ಕಟ್ಟಡದ ಹೊಣೆಯನ್ನು ಹೊತ್ತರು. ಅಲ್ಲಿನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಎರಡು ಮೇಜುಗಳು ಪಕ್ಕಪಕ್ಕದಲ್ಲಿರುತ್ತವೆ. ಒಂದರ ಮೇಲೆ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಇನ್ನೊಂದರ ಮೇಲೆ ಮುಂದಿನ ರೋಗಿಯನ್ನು ಸಿಬ್ಬಂದಿ ಸಿದ್ಧಪಡಿಸಿರುತ್ತಾರೆ, ವೈದ್ಯರು ಸೂಕ್ಷ್ಮದರ್ಶಕವನ್ನು ಆ ಕಡೆಗೆ ತಿರುಗಿಸಿದರೆ ಸಾಕು. ಆ ಸಿಬ್ಬಂದಿಯಲ್ಲಿ ಬಹುಪಾಲು ಹಳ್ಳಿಗಳಿಂದ ಬಂದು ಆಸ್ಪತ್ರೆಯಲ್ಲೇ ಎರಡು ವರ್ಷ ತರಬೇತಿ ಪಡೆದ ಯುವತಿಯರು. ಕುಟುಂಬದವರೇ ಚುಕ್ಕಾಣಿ ಹಿಡಿಯುವ ಪದ್ಧತಿಯನ್ನು ಎಲ್ಲರೂ ಅನುಕರಿಸಲಾಗದು, ಅನುಕರಿಸಬೇಕೆಂದೂ ನಾನು ಹೇಳಲಾರೆ. ತೆಗೆದುಕೊಳ್ಳಬೇಕಾದದ್ದು ಹೊಣೆಯ ಗಡಿಗಳನ್ನು ಸ್ಪಷ್ಟವಾಗಿ ಎಳೆದ ರೀತಿಯನ್ನು.

ಇದಕ್ಕೆ ವಿರುದ್ಧವಾದದ್ದನ್ನೂ ಕಂಡಿದ್ದೇನೆ. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ದಾನಿಗಳ ಹೆಸರು ಕೆತ್ತಿದ ಹೊಸ ವಾರ್ಡು ಉದ್ಘಾಟನೆಯಾದ ಮೇಲೂ ರಾತ್ರಿ ಪಾಳಿಗೆ ನರ್ಸ್‌ಗಳಿಲ್ಲದೆ ಬೀಗ ಹಾಕಿಕೊಂಡೇ ಇತ್ತು. ಮಂಚಕ್ಕೆ ದಾನ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ, ಮೂರು ಪಾಳಿಯ ಸಂಬಳಕ್ಕೆ ಕೊಡುವವರು ವಿರಳ. ಆದ್ದರಿಂದ ನಿಮ್ಮ ದಾನಿಗಳ ಬಳಿ ಈಗಲೇ ಮಾತನಾಡಿ, ಬಂದ ಹಣದಲ್ಲಿ ಒಂದು ಪಾಲನ್ನು ಸಿಬ್ಬಂದಿಯ ತರಬೇತಿಗೂ ಮೊದಲ ಎರಡು ವರ್ಷಗಳ ಸಂಬಳಕ್ಕೂ ಮೀಸಲಿಡಿ. ಸರ್ಕಾರಿ ಯೋಜನೆಯಾಗಲಿ ವಿಮೆಯಾಗಲಿ, ಹಣ ಕೈಸೇರುವುದು ರೋಗಿ ಮನೆಗೆ ಹೋದ ಮೇಲೆ, ಸಂಬಳವಾದರೋ ತಿಂಗಳ ಮೊದಲ ವಾರ ಆಗಲೇಬೇಕು. ಕರ್ನಾಟಕದ ಖಾಸಗಿ ಆಸ್ಪತ್ರೆಗಳಿಗೆ ಬೇಕಾದ ಕೆಪಿಎಂಇ ನೋಂದಣಿ, ಜೈವಿಕ ತ್ಯಾಜ್ಯದ ಅನುಮತಿ, ಅಗ್ನಿಶಾಮಕ ಇಲಾಖೆಯ ಪತ್ರಗಳಂಥವುಗಳಿಗೆ ಒಬ್ಬ ವ್ಯವಸ್ಥಾಪಕರನ್ನು ನೇಮಿಸಿ, ವೈದ್ಯರನ್ನು ಅದರಿಂದ ದೂರವಿಡಿ.

ಕೊನೆಯದಾಗಿ, ಗುತ್ತಿಗೆದಾರನ ಜೊತೆ ಕರಾರಿಗೆ ಸಹಿ ಹಾಕುವ ಮುನ್ನ ಬದಲಿ ವೈದ್ಯರೊಬ್ಬರನ್ನು ಗೊತ್ತುಮಾಡಿ, ಆ ಹಿರಿಯರನ್ನು ಎರಡು ವಾರ ರಜೆಯ ಮೇಲೆ ಕಳುಹಿಸಿ. ಆ ಅವಧಿಯಲ್ಲಿ ಆಸ್ಪತ್ರೆಯಿಂದ ಅವರಿಗೆ ಹೋದ ಪ್ರತಿಯೊಂದು ಫೋನ್ ಕರೆಯೂ ಯಾವ ವಿಷಯಕ್ಕೆ ಎಂದು ಹೆಡ್ ನರ್ಸ್ ಬರೆದಿಡಲಿ: ಔಷಧ ಖರೀದಿಗೋ, ಬಿಲ್ಲಿನಲ್ಲಿ ರಿಯಾಯಿತಿಗೋ, ಪಾಳಿ ಬದಲಾವಣೆಗೋ, ಆಂಬ್ಯುಲೆನ್ಸಿನ ಡೀಸೆಲಿಗೋ. ಟ್ರಸ್ಟಿನ ಮುಂದಿನ ಸಭೆಯಲ್ಲಿ ಆ ಪಟ್ಟಿಯ ಪ್ರತಿ ಸಾಲಿನ ಎದುರೂ ಒಂದೊಂದು ಹೆಸರು ಬರೆಯಿರಿ, ಆಮೇಲೆ ಎಂಜಿನಿಯರನ್ನು ಕರೆಸಿ.