ಗದೆ, ಗುರಾಣಿ ಹಿಡಿದ ಕೈಯಲ್ಲೇ ಮಂತ್ರ: ಗಂಗಾವತಿಯ ಓದುಗರಿಗೆ ಉತ್ತರ

ಪ್ರಿಯ ಓದುಗರೇ,

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಬೇರೆ ಓದುಗರಿಗಾಗಿ ಅದರ ಸಾರ ಇಷ್ಟು. ಭಾನುವಾರ ಮನೆಯ ಮಾಳಿಗೆ ಮೇಲೆ ನೀವು ಐದು ಜನ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದಿರಿ; ದಾಳ ಹಾಕುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ ಅದು. ನಿಮ್ಮ ಅಕ್ಕ ಡಂಜನ್ ಮಾಸ್ಟರ್, ಅಂದರೆ ಆಟ ನಡೆಸಿ ತೀರ್ಪು ಹೇಳುವವರು. ನಿಮ್ಮ ಕ್ಲೆರಿಕ್‌ನ (ದೇವರ ಬಲದಿಂದ ಮಂತ್ರ ಹಾಕುವ ಪಾತ್ರ) ಒಂದು ಕೈಯಲ್ಲಿ ಗದೆ, ಇನ್ನೊಂದರಲ್ಲಿ ಗುರಾಣಿ. ನಾಲ್ಕನೇ ಲೆವೆಲ್‌ನಲ್ಲಿ ವಾರ್ ಕಾಸ್ಟರ್ ಎಂಬ ಫೀಟ್ (ವಿಶೇಷ ಸಾಮರ್ಥ್ಯ) ತಗೊಂಡಿದ್ದೀರಿ; ಅದಿದ್ದರೆ ಪಕ್ಕದಿಂದ ಓಡುವ ಶತ್ರುವಿಗೆ ಆಯುಧದ ಏಟಿನ ಬದಲು ಮಂತ್ರ ಬಿಡಬಹುದು. ದರೋಡೆಕೋರನೊಬ್ಬ ಪಕ್ಕದಿಂದ ಓಡಿದ. ನೀವು ಇನ್‌ಫ್ಲಿಕ್ಟ್ ವೂಂಡ್ಸ್ ಎಂದಿರಿ, ಮುಟ್ಟಿ ಗಾಯ ಮಾಡುವ ಮಂತ್ರ. ‘ಕೈ ಖಾಲಿ ಇಲ್ಲ, ಅವನು ಆಗಲೇ ದೂರ ಹೋದ, ಮುಟ್ಟೋದು ಹೆಂಗ?’ ಅಂತ ವಿಝರ್ಡ್ (ಮಂತ್ರವಾದಿ) ಪಾತ್ರ ಆಡುವ ಗೆಳೆಯ ತಗಾದೆ ತೆಗೆದ. ಅದೇ ಗೆಳೆಯ ಮುಂದಿನ ಸುತ್ತಿನಲ್ಲಿ ತನ್ನ ವಾರ್ ಕಾಸ್ಟರ್‌ನಿಂದ ಬೆಂಕಿ ಉಗುಳುವ ಬರ್ನಿಂಗ್ ಹ್ಯಾಂಡ್ಸ್ ಮಂತ್ರ ಬೇಕೆಂದ. ತಂದಿಟ್ಟ ಒಗ್ಗರಣಿ ಮಿರ್ಚಿ ಆರಿಹೋಗುವವರೆಗೂ ಜಗಳ. ನಡೆಯುತ್ತಿರುವ ಮಂತ್ರ ಏಟು ಬಿದ್ದಾಗ ಉಳಿಯುತ್ತದೆಯೇ ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ.

ನೀವು ಆಡುತ್ತಿರುವುದು 2014ರ ನಿಯಮ ಪುಸ್ತಕ, ಹಾಗಾಗಿ ಅದರ ಮಾತನ್ನೇ ಹಿಡಿಯುತ್ತೇನೆ.

ಮೊದಲು ದೂರದ ಮಾತು. ಶತ್ರು ನಿಮ್ಮ ಕೈಯಳತೆಯಿಂದ ಆಚೆ ಹೋಗುವಾಗ ಸಿಗುವ ಆಪರ್ಚುನಿಟಿ ಅಟ್ಯಾಕ್, ಅವನು ಆಚೆ ಹೋಗುವುದಕ್ಕೆ ಸ್ವಲ್ಪ ಮುಂಚೆಯೇ ನಡೆಯುತ್ತದೆ ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಅವನ ಓಟವನ್ನು ಅಲ್ಲೇ ತಡೆದು ನಿಲ್ಲಿಸಿದಂತೆ. ಅಂದರೆ ಅವನಿನ್ನೂ ನಿಮ್ಮ ಪಕ್ಕದಲ್ಲೇ ಇದ್ದಾನೆ, ಮುಟ್ಟಬಹುದು. ಅವನು ಡಿಸ್‌ಎಂಗೇಜ್ (ಹುಷಾರಾಗಿ ಹಿಂದೆ ಸರಿಯುವ ನಡೆ) ಮಾಡಿ ಸರಿದಿದ್ದರೆ ಮಾತ್ರ ನಿಮಗೆ ಈ ಅವಕಾಶವೇ ಇರುತ್ತಿರಲಿಲ್ಲ.

ಕೈಯ ವಿಷಯ ಇದಕ್ಕಿಂತ ಸೂಕ್ಷ್ಮ, ಮತ್ತು ಬಹಳ ಜನ ಎಡವುವುದೂ ಇಲ್ಲೇ. ಮಂತ್ರಕ್ಕೆ ಮೂರು ಅಂಗ ಇರಬಹುದು: ಬಾಯಿಮಾತು, ಕೈಸನ್ನೆ, ಸಾಮಗ್ರಿ. ಎರಡೂ ಕೈಯಲ್ಲಿ ಆಯುಧ, ಗುರಾಣಿ ಇದ್ದರೂ ಸನ್ನೆ ಮಾಡಬಹುದು ಎನ್ನುತ್ತದೆ ವಾರ್ ಕಾಸ್ಟರ್. ಸನ್ನೆಗೆ ಮಾತ್ರ; ಸಾಮಗ್ರಿಯ ಬಗ್ಗೆ ಅದು ಚಕಾರ ಎತ್ತುವುದಿಲ್ಲ. ರೊಟ್ಟಿ ಬಡಿಯುತ್ತ ಕೂತ ಅವ್ವನನ್ನು ನೆನಪಿಸಿಕೊಳ್ಳಿ. ಎರಡೂ ಕೈ ಜೋಳದ ಹಿಟ್ಟಿನಲ್ಲಿ. ‘ಆ ಮಾಡದಾಗಿನ ಉಪ್ಪಿನ ಡಬ್ಬಿ ತಾ’ ಅಂತ ಮೊಣಕೈ ಎತ್ತಿ ತೋರಿಸುತ್ತಾಳೆ. ತೋರಿಸುವುದಕ್ಕೆ ಅಡ್ಡಿಯಿಲ್ಲ. ಡಬ್ಬಿಯನ್ನು ಮಾತ್ರ ನಾವೇ ಎದ್ದು ತಂದುಕೊಡಬೇಕು.

ಇನ್‌ಫ್ಲಿಕ್ಟ್ ವೂಂಡ್ಸ್‌ಗೆ ಬೇಕಾದದ್ದು ಮಾತು ಮತ್ತು ಸನ್ನೆ ಎರಡೇ. ಆದ್ದರಿಂದ ನಿಮ್ಮ ಮಂತ್ರ ಸರಿ, ಗೆಳೆಯನ ತಗಾದೆ ತಪ್ಪು. ಈ ಫೀಟ್ ಇಲ್ಲದ ಕ್ಲೆರಿಕ್ ಅದೇ ಮಂತ್ರಕ್ಕೆ, ಗಾಯ ಮಾಯಿಸುವ ಕ್ಯೂರ್ ವೂಂಡ್ಸ್‌ಗೂ ಕೂಡ, ಒಂದು ಕೈ ಖಾಲಿ ಮಾಡಿಕೊಳ್ಳಲೇಬೇಕು. ಶತ್ರುವನ್ನು ಸ್ತಬ್ಧಗೊಳಿಸುವ ಹೋಲ್ಡ್ ಪರ್ಸನ್ ಆಗಿದ್ದರೆ ಒಂದು ಸಣ್ಣ ಕಬ್ಬಿಣದ ತುಂಡು ಬೇಕಿತ್ತು. ಗುರಾಣಿಯ ಮೇಲೆ ನಿಮ್ಮ ದೇವರ ಪವಿತ್ರ ಚಿಹ್ನೆ ಇದ್ದರೆ ಅದೇ ಆ ತುಂಡಿನ ಬದಲಿಗೆ ಸಾಕು. ಆಗ ಗುರಾಣಿ ಹಿಡಿದ ಕೈಯೇ ಸನ್ನೆಯನ್ನೂ ಮಾಡುತ್ತದೆ, ಅದಕ್ಕೆ ಫೀಟ್ ಕೂಡ ಬೇಡ. ಆದರೆ ಒಂದು ಎಚ್ಚರ. ನೀವು ಆಗ ಗೆಳೆಯರಿಗೆ ಬಲ ಕೊಡುವ ಬ್ಲೆಸ್ ಮಂತ್ರ ನಡೆಸುತ್ತಿದ್ದಿರಿ ಎಂದು ಬರೆದಿದ್ದೀರಿ. ಬ್ಲೆಸ್, ಹೋಲ್ಡ್ ಪರ್ಸನ್ ಎರಡಕ್ಕೂ ಕಾನ್ಸಂಟ್ರೇಷನ್, ಅಂದರೆ ಮಂತ್ರ ನಡೆಯುವಷ್ಟು ಹೊತ್ತೂ ಏಕಾಗ್ರತೆ, ಬೇಕು. ಒಂದನ್ನು ಹಿಡಿದರೆ ಇನ್ನೊಂದು ಕೈಬಿಟ್ಟ ಹಾಗೆ. ಒಬ್ಬ ಕಳ್ಳನನ್ನು ನಿಲ್ಲಿಸಲು ಹೋಗಿ ಮೂವರು ಗೆಳೆಯರ ಆಶೀರ್ವಾದ ಕಳೆಯುತ್ತಿದ್ದಿರಿ. ನೀವು ಆರಿಸಿದ ಮಂತ್ರ ಆ ಹೊತ್ತಿಗೆ ನಿಜಕ್ಕೂ ಒಳ್ಳೆಯದೇ.

ಏಟು ಬಿದ್ದಾಗಿನ ಕಾನ್ಸಂಟ್ರೇಷನ್ ಪ್ರಶ್ನೆಗೆ ಚುಟುಕು ಉತ್ತರ: ಪ್ರತಿ ಏಟಿಗೂ ಬೇರೆ ಬೇರೆ ಸೇವ್, ಅಂದರೆ ಮಂತ್ರ ಉಳಿಸಿಕೊಳ್ಳಲು ದಾಳ ಹಾಕುವುದು. ಗುರಿ 10, ಅಥವಾ ಏಟಿನ ಅರ್ಧ, ಯಾವುದು ಹೆಚ್ಚೋ ಅದು. 22ರ ಏಟಿಗೆ 11. ವಾರ್ ಕಾಸ್ಟರ್ ಇರುವುದರಿಂದ ಎರಡು ದಾಳ ಹಾಕಿ, ದೊಡ್ಡದನ್ನು ಇಟ್ಟುಕೊಳ್ಳಿ.

ಇನ್ನು ಬರ್ನಿಂಗ್ ಹ್ಯಾಂಡ್ಸ್. ಓಡುವವನ ಮೇಲೆ ಬಿಡುವ ಮಂತ್ರ ಒಂದು ಆ್ಯಕ್ಷನ್‌ನಲ್ಲಿ ಮುಗಿಯುವಂಥದ್ದಾಗಿರಬೇಕು, ಅವನೊಬ್ಬನನ್ನೇ ಗುರಿ ಮಾಡಬೇಕು ಎನ್ನುತ್ತದೆ ಫೀಟ್. ‘ಬೆಂಕಿಯ ದಾರಿಯಲ್ಲಿ ಅವನೊಬ್ಬನೇ ಇದ್ದ’ ಎಂಬುದು ನಿಮ್ಮ ಗೆಳೆಯನ ವಾದ. ನಾನು ಒಪ್ಪುವುದಿಲ್ಲ. ಆ ಮಂತ್ರದಲ್ಲಿ ನೀವು ಆರಿಸುವುದು ದಿಕ್ಕನ್ನು, ಮನುಷ್ಯನನ್ನಲ್ಲ. 15 ಅಡಿಯ ಆ ಬೆಂಕಿಯಲ್ಲಿ ಯಾರಿದ್ದರೂ ಸುಡುತ್ತಾರೆ. ಅಲ್ಲಿ ಒಬ್ಬನೇ ಇದ್ದದ್ದು ಆ ಗಳಿಗೆಯ ಯೋಗ, ಮಂತ್ರದ ಗುಣವಲ್ಲ. ಇನ್ನೊಂದು ಮಂತ್ರ ಎಲ್ಡ್ರಿಚ್ ಬ್ಲಾಸ್ಟ್‌ನ ಎರಡೂ ಕಿರಣಗಳನ್ನು ಅವನ ಮೇಲೇ ಬಿಡುವುದಾದರೆ ನಾನು ಒಪ್ಪುತ್ತೇನೆ, ಯಾಕೆಂದರೆ ಅಲ್ಲಿ ಗುರಿ ಇಡುವವರು ನೀವೇ.

ನಿಮ್ಮ ಅಕ್ಕ ಬೇರೆ ರೀತಿ ತೀರ್ಮಾನಿಸಬಹುದು, ಮೇಜಿನ ಮುಂದೆ ಅವರ ಮಾತೇ ಕೊನೆ. ಅವರಿಗೆ ನನ್ನ ಕೋರಿಕೆ ಒಂದೇ: ಯಾವ ಕಡೆ ಹೇಳಿದರೂ ಆಟಕ್ಕೆ ಮುಂಚೆ ಹೇಳಿ, ನೀವೇ ಆಡಿಸುವ ಮಂತ್ರವಾದಿಗಳಿಗೂ ಅದನ್ನೇ ಅನ್ವಯಿಸಿ. ಬಳ್ಳಾರಿಯಲ್ಲಿ ನಾನು ಆಟ ನಡೆಸುತ್ತಿದ್ದಾಗ ಇಂಥದ್ದೇ ಮಾತಿಗೆ ಒಬ್ಬನಿಗೆ ಹೂಂ ಎಂದು, ಮುಂದಿನ ವಾರ ಇನ್ನೊಬ್ಬನಿಗೆ ಆಗಲ್ಲ ಎಂದೆ. ಅವನು ದಾಳ ಚೀಲಕ್ಕೆ ಹಾಕಿಕೊಂಡು ಎದ್ದುಹೋದ. ಮತ್ತೆ ಬರಲಿಲ್ಲ. ಅದು ಇವತ್ತಿಗೂ ನನಗೆ ಚುಚ್ಚುತ್ತದೆ.

ನಿಮ್ಮ ಪತ್ರದಲ್ಲಿ ಗುರಾಣಿಯ ಬಣ್ಣ, ಅದರ ಅಂಚಿನ ಸೀಳು ಎಲ್ಲಾ ಇದೆ, ಚಿಹ್ನೆಯ ಮಾತಿಲ್ಲ. ಬರುವ ಭಾನುವಾರ ಕೂರುವ ಮೊದಲು ಅಕ್ಕನನ್ನು ಕೇಳಿ, ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಸಂ.