ಅಡಿಕೆ ಸಿಪ್ಪೆಯಿಂದ ಗ್ಯಾಸು, ಕರೆಂಟು ಆಗ್ತದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ದು ಶಿರಸಿ ಹತ್ರ ಅಡಿಕೆ ತೋಟ. ಕೊಯ್ಲು ಮುಗಿದ ಮೇಲೆ ಸಿಪ್ಪೆ ರಾಶಿ ರಾಶಿ ಉಳೀತದೆ, ಕೆಲವರು ರಸ್ತೆ ಬದಿಗೆ ಚೆಲ್ತಾರೆ, ಕೆಲವರು ಅಲ್ಲೇ ಬೆಂಕಿ ಕೊಡ್ತಾರೆ. ಇದನ್ನ ಗೋಬರ್ ಗ್ಯಾಸ್ ಗುಂಡಿಗೆ ಹಾಕಬಹುದಾ? ಇಲ್ಲಾ ಗ್ಯಾಸಿಫೈಯರ್ ಅಂತ ಇದೆಯಂತಲ್ಲ, ಅದನ್ನ ಕೂರಿಸಿ ಮನೆಗೆ ಕರೆಂಟ್ ಮಾಡ್ಕೊಳ್ಳಬಹುದಾ?
– ಓದುಗರೊಬ್ಬರು, ಶಿರಸಿ ತಾಲೂಕು

ಉತ್ತರ: ಗೋಬರ್ ಗ್ಯಾಸ್ ಗುಂಡಿಗೆ ಮಾತ್ರ ದಯವಿಟ್ಟು ಹಾಕ್ಬೇಡಿ. ಅದರೊಳಗೆ ಕೆಲಸ ಮಾಡೋ ಸೂಕ್ಷ್ಮಜೀವಿಗಳಿಗೆ ಸಗಣಿ, ಅನ್ನ, ತರಕಾರಿ ಎಲ್ಲ ಜೀರ್ಣ ಆಗ್ತದೆ, ಆದ್ರೆ ಲಿಗ್ನಿನ್ ಜೀರ್ಣ ಆಗಲ್ಲ. ಮರಕ್ಕೆ ಗಟ್ಟಿತನ ಕೊಡೋದು ಈ ಲಿಗ್ನಿನ್ನೇ, ಸಿಪ್ಪೆಯ ನಾರಲ್ಲೂ ಅದು ಬೇಕಾದಷ್ಟಿದೆ. ನಾರು ಮೇಲೆ ತೇಲಿ ದಪ್ಪ ಪದರ ಕಟ್ತದೆ, ಸ್ಲರಿ ಹೊರಗೆ ಬರೋ ಬಾಯಿ ಕಟ್ಕೊಳ್ತದೆ, ಆಮೇಲೆ ಗುಂಡಿ ಪೂರ್ತಿ ಖಾಲಿ ಮಾಡಿಸೋ ಫಜೀತಿ. ಗುಂಡಿಗೆ ಸಗಣಿನೇ ಸರಿ. 4-5 ದನ ಇದ್ರೆ ದಿನಕ್ಕೆ 50 ಕೆಜಿ ಸಗಣಿ ಆಗ್ತದೆ, ಅದರಿಂದ ಸುಮಾರು 2 ಘನ ಮೀಟರ್ ಗ್ಯಾಸು, ಅಂದ್ರೆ ಹತ್ತಿರ ಹತ್ತಿರ 900 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. ಮಳೆಗಾಲದ ಥಂಡಿಗೆ ಸ್ವಲ್ಪ ಕಮ್ಮಿ ಬರ್ತದೆ, ಅಷ್ಟೇ.

ಇನ್ನು ಸಿಪ್ಪೆ. ಸೂಕ್ಷ್ಮಜೀವಿಗೆ ಆಗದ ಲಿಗ್ನಿನ್ ಬೆಂಕಿಗೆ ಚೆನ್ನಾಗಿ ಆಗ್ತದೆ. ನಮ್ಮ ಜಿಲ್ಲೆಯಲ್ಲೇ ದಾಂಡೇಲಿ ಪೇಪರ್ ಮಿಲ್ಲಲ್ಲಿ ಮರದ ಚೂರು ಬೇಯಿಸಿ ನಾರು ತೆಗೆದ ಮೇಲೆ ಕಪ್ಪು ದ್ರವ ಉಳೀತದೆ, ಅದರಲ್ಲಿ ತುಂಬಾ ಇರೋದು ಲಿಗ್ನಿನ್ನೇ, ಅದನ್ನ ಗಟ್ಟಿ ಮಾಡಿ ಬಾಯ್ಲರಲ್ಲಿ ಉರಿಸಿ ಹಬೆ ತಗೀತಾರೆ. ಸಕ್ಕರೆ ಕಾರ್ಖಾನೆಯವರು ಕಬ್ಬಿನ ಸಿಪ್ಪೆ ಉರಿಸೋದೂ ಹಾಗೇ.

ನೀವು ಲಕ್ಷ್ಯ ಇಡಬೇಕಾದ್ದು ನೀರಿನ ಅಂಶದ ಕಡೆ. ಚೆನ್ನಾಗಿ ಒಣಗಿದ 1 ಕೆಜಿ ಸಿಪ್ಪೆಯಲ್ಲಿ ಸುಮಾರು 4000 ಕಿಲೋ ಕ್ಯಾಲರಿ ಶಾಖ ಇರ್ತದೆ. ಅರ್ಧಕ್ಕರ್ಧ ನೀರಿರೋ ಹಸಿ ಸಿಪ್ಪೆ ಆದ್ರೆ ಅದು 2000ಕ್ಕೆ ಇಳೀತದೆ, ಅದರಲ್ಲೂ 300ರಷ್ಟು ಆ ನೀರನ್ನ ಆವಿ ಮಾಡೋದಕ್ಕೇ ಹೋಗ್ತದೆ, ಉಳಿದದ್ದು ಸರಿಯಾಗಿ ಉರಿಯದೆ ಹೊಗೆ. ಹಾಗಾಗಿ ಅಂಗಳದಲ್ಲಿ ಬಿಸಿಲಿಗೆ ಹರಡಿ, ಮಗುಚಿ ಹಾಕಿ ಒಣಗಿಸಿ, ಮಳೆ ಹಿಡಿಯೋ ಮೊದಲೇ ಸೂರಿನ ಕೆಳಗೆ ಸೇರಿಸಿ.

ಗ್ಯಾಸಿಫೈಯರ್ ಸುಳ್ಳಲ್ಲ. ಗಾಳಿ ಕಮ್ಮಿ ಕೊಟ್ಟು ಉರಿಸಿದ್ರೆ ಸೌದೆಯಿಂದ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸೇರಿದ ಗ್ಯಾಸು ಬರ್ತದೆ, ಅದರಿಂದ ಇಂಜಿನ್ ಓಡ್ತದೆ, ಒಂದು ಯೂನಿಟ್ ಕರೆಂಟಿಗೆ 1ರಿಂದ 1.5 ಕೆಜಿ ಒಣ ಸೌದೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದ ಕೊನೆಗೆ ತುಮಕೂರು ಜಿಲ್ಲೆಯ ಹೊಸಹಳ್ಳಿಗೆ ಹೀಗೇ ದೀಪ ಕೊಟ್ಟಿದ್ರು. ಆದ್ರೆ ಅದು ಇಡೀ ಹಳ್ಳಿಗೆ ಅಂತ ಮಾಡಿದ್ದು. ಒಂದು ಮನೆಗೆ ನಾನಂತೂ ಬೇಡ ಅಂತೀನಿ. ಹಗುರ ಸಿಪ್ಪೆ ಒಳಗೆ ಸಲೀಸಾಗಿ ಕೆಳಗೆ ಇಳಿಯಲ್ಲ, ಡಾಂಬರಿನಂಥ ಅಂಟು ಇಂಜಿನ್ನಿಗೆ ಹೋಗದ ಹಾಗೆ ದಿನಾ ತೊಳೀಬೇಕು, ಮೇಲಿಂದ ಆ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ ವಾಸನೆ ಇಲ್ಲ, ಸೋರಿದ್ರೆ ಜೀವಕ್ಕೇ ಅಪಾಯ.

ನಿಮ್ಮ ಮನೇಲಿ ಬೇಕಾಗಿರೋದು ಹೆಚ್ಚಾಗಿ ಶಾಖನೇ ಅಲ್ವಾ, ಕೆಂಪಡಿಕೆ ಬೇಯಿಸೋಕೆ, ಡ್ರೈಯರಿಗೆ, ಬಚ್ಚಲ ಹಂಡೆಗೆ. ಒಣ ಸಿಪ್ಪೆನ ಅಲ್ಲಿಗೇ ಕೊಡಿ. ಒಲೆ ಮಾತ್ರ ಸರಿ ಇರಲಿ, ಮೂರು ಕಲ್ಲಿನ ಒಲೆಯಲ್ಲಿ ಶಾಖದ ಹತ್ತನೇ ಒಂದು ಪಾಲಷ್ಟೇ ಪಾತ್ರೆಗೆ ಮುಟ್ತದೆ, ಅದೇ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆಯಂಥದ್ರಲ್ಲಿ ಅದರ ಎರಡು ಪಟ್ಟಿಗಿಂತ ಜಾಸ್ತಿ. ಒಂದು ಕಡೆ ಸಿಪ್ಪೆ ರಸ್ತೆ ಬದಿ ಸುಮ್ನೆ ಹೊಗೆಯಾಡ್ತಾ ಇರೋದು, ಇನ್ನೊಂದು ಕಡೆ ಅಡಿಕೆ ಬೇಯಿಸೋಕೆ ಬೆಟ್ಟದ ಮರ ಕಡಿಯೋದು, ಇದನ್ನ ನೋಡಿದ್ರೆ ನಿಜವಾಗ್ಲೂ ಹೊಟ್ಟೆ ಉರೀತದೆ. ಹಾಗಂತ ಎಲ್ಲ ಸಿಪ್ಪೆನೂ ಉರಿಸ್ಬೇಡಿ, ಒಂದಷ್ಟು ಸಗಣಿ ಸ್ಲರಿ ಜೊತೆ ಗೊಬ್ಬರಕ್ಕೆ ಹಾಕಿ. ಒಲೆ ಬೂದಿನೂ ತೋಟಕ್ಕೇ ಹೋಗಲಿ, ಅದರಲ್ಲಿ ಪೊಟ್ಯಾಷ್ ಇದೆ.

ಪ್ರಶ್ನೆ: ಪೆಟ್ರೋಲಿಗೆ ಸೇರಿಸೋ ಎಥನಾಲನ್ನ ಹುಲ್ಲಿಂದಾನೂ ಮಾಡ್ತಾರಂತೆ. ನಮ್ಮ ಕರಾವಳಿಯ ಭತ್ತದ ಹುಲ್ಲಿಗೂ ಅಂಥದ್ದೊಂದು ಫ್ಯಾಕ್ಟರಿ ಆಗಬಾರದಾ?
– ಓದುಗರೊಬ್ಬರು, ಕಾರವಾರ

ಉತ್ತರ: ಮಾಡ್ತಾರೆ. ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್‌ನವರ ಅಂಥ ಘಟಕ 2022ರ ಆಗಸ್ಟಲ್ಲಿ ಉದ್ಘಾಟನೆ ಆಯ್ತು. ವರ್ಷಕ್ಕೆ 2 ಲಕ್ಷ ಟನ್ ಹುಲ್ಲಿಂದ 3 ಕೋಟಿ ಲೀಟರ್ ಎಥನಾಲ್ ತೆಗೆಯೋ ಲೆಕ್ಕದ್ದು, ಅಂದ್ರೆ ಟನ್ನಿಗೆ 150 ಲೀಟರ್. ಅಲ್ಲಿ ರೈತರು ಮುಂದಿನ ಬೆಳೆಗೆ ಅಂತ ಹುಲ್ಲನ್ನ ಗದ್ದೆಯಲ್ಲೇ ಸುಡ್ತಾರೆ, ಅದಕ್ಕೆ ಆ ಘಟಕ ಅಲ್ಲಿ ಸರಿ. ನಮ್ಮಲ್ಲಿ ಗದ್ದೆಗಳು ಚಿಕ್ಕವು, ಹುಲ್ಲು ಕಣದಿಂದ ನೇರ ಕೊಟ್ಟಿಗೆ ಅಟ್ಟಕ್ಕೆ ಹೋಗ್ತದೆ, ಅದೂ ಸಾಲದೆ ಕೆಲವರು ಹೊರಗಿಂದ ಕೊಂಡು ತರ್ತಾರೆ. ಅದನ್ನ ಫ್ಯಾಕ್ಟರಿಗೆ ಎಳೆದ್ರೆ ದನ ಸಾಕೋದೇ ಕಷ್ಟ ಆಗ್ತದೆ.