ಐಸ್‌ಲ್ಯಾಂಡ್‌ನ ಹಳೇ ನೋಟುಗಳು ಅಷ್ಟು ಅಪರೂಪ ಯಾಕೆ? ಸಂಗ್ರಹ ಶುರು ಮಾಡುವವರು ಏನು ನೋಡಬೇಕು?

ಮೊದಲ ಕಾರಣ, ಜನರೇ ಕಡಿಮೆ. 1880ರ ದಶಕದಲ್ಲಿ ಇಡೀ ದೇಶದ ಜನಸಂಖ್ಯೆ ಒಂದು ಲಕ್ಷವೂ ಇರಲಿಲ್ಲ. ಹಾಗಾಗಿ ಅಚ್ಚಾದ ನೋಟುಗಳೇ ಸ್ವಲ್ಪ. ಅದರಲ್ಲೂ ಹೆಚ್ಚಿನವು ಕೈಯಿಂದ ಕೈಗೆ ಓಡಾಡಿ ಸವೆದವು, ಬ್ಯಾಂಕಿಗೆ ವಾಪಸ್ ಹೋಗಿ ನಾಶವಾದವು.

ಆಗ ಐಸ್‌ಲ್ಯಾಂಡ್ ಡೆನ್ಮಾರ್ಕ್ ಕೈಕೆಳಗಿತ್ತು. 1778ರಿಂದ ಅಲ್ಲಿ ಓಡಾಡಿದ್ದು ಡ್ಯಾನಿಷ್ ನೋಟುಗಳೇ. ಹಿಂಬದಿಯಲ್ಲಿ ಮಾತ್ರ ಐಸ್‌ಲ್ಯಾಂಡಿಕ್ ಬರಹ. ಇವು ಕೈಗೆ ಸಿಗೋದು ಕಷ್ಟ. ಸ್ವಂತ ನೋಟು ಬಂದದ್ದು 1886ರಲ್ಲಿ ಲ್ಯಾಂಡ್ಸ್‌ಬಂಕಿ ಅನ್ನೋ ರಾಷ್ಟ್ರೀಯ ಬ್ಯಾಂಕ್ ಬಾಗಿಲು ತೆರೆದಾಗ: 5, 10, 50 ಕ್ರೋನರ್ (ಅಲ್ಲಿನ ಹಣ), ದೇಶದ ಖಜಾನೆಯ ಹೆಸರಲ್ಲಿ. ಮೇಲೆ ಡೆನ್ಮಾರ್ಕ್ ರಾಜ 9ನೇ ಕ್ರಿಶ್ಚಿಯನ್.

ಇಲ್ಲೇ ಹೊಸಬರು ಎಡವೋದು. ನೋಟಿನ ಮೇಲಿರುವ '18 ಸೆಪ್ಟೆಂಬರ್ 1885' ಕಾನೂನಿನ ತಾರೀಖು, ಅಚ್ಚಾದ ದಿನ ಅಲ್ಲ. ಅದನ್ನಷ್ಟೇ ನೋಡಿ ಜಾಸ್ತಿ ದುಡ್ಡು ಕೊಡಬೇಡಿ. ಸಹಿ, ಸಂಖ್ಯೆ ನೋಡಿ. ತೂತು ಹೊಡೆದು ರದ್ದು ಮಾಡಿದ್ದಾ ಅಂತ ಬೆಳಕಿಗೆ ಹಿಡಿದು ಪರೀಕ್ಷಿಸಿ, ತೂತು ಮುಚ್ಚಿ ಮಾರುವವರೂ ಇರ್ತಾರೆ.

1904ರಿಂದ ಈಸ್ಲ್ಯಾಂಡ್ಸ್‌ಬಂಕಿ ಅನ್ನೋ ಖಾಸಗಿ ಬ್ಯಾಂಕೂ ನೋಟು ಹೊರಡಿಸಿತು. 1930ರಲ್ಲಿ ಅದು ಮುಚ್ಚಿತು. ಬಜೆಟ್ ಕಡಿಮೆ ಇದ್ದರೆ ನೇರವಾಗಿ 1961ರ ನಂತರದ ಕೇಂದ್ರ ಬ್ಯಾಂಕ್ ನೋಟಿಗೆ ಹೋಗಿ. 1981ರಲ್ಲಿ 100 ಹಳೇ ಕ್ರೋನರ್ ಕೊಟ್ಟರೆ 1 ಹೊಸದು ಅಂತಾಯ್ತಲ್ಲ, ಆ ಹಳೇವು ಅಗ್ಗಕ್ಕೇ ಸಿಗುತ್ತವೆ.